ಪಂಡಿತಾ ರಮಾಬಾಯಿಯವರ ಚರಿತ್ರೆ

ಯೊಪ್ಪ ಪಟ್ಟಣದ ತಬಿಥಳ ಸಂಗತಿಯನ್ನು ನಾವು ಅಪೊಸ್ತಲರ ಕೃತ್ಯಗಳಲ್ಲಿ ಓದಿದ್ದೇವೆ. ಆಕೆ ಸತ್ತಾಗ ಆಕೆಗೆ ಎಷ್ಟು ಹೊಲವಿತ್ತು, ಮನೆಯಲ್ಲಿ ಎಷ್ಟು ಹೊನ್ನಿತ್ತು ಎಂಬದನ್ನು ಯಾರೂ ಪೇತ್ರನಿಗೆ ಹೇಳಲಿಲ್ಲ. ಬಡ ವಿಧವೆಯರ ಕೈಯಲ್ಲಿದ್ದ ಬಟ್ಟೆಗಳೇ ಆಕೆಯ ಚರಿತ್ರೆಯನ್ನು ಹೇಳಿದವು. ನಮ್ಮ ಹಳ್ಳಿಯ ಸಭೆಗಳಲ್ಲಿಯೂ ಹೀಗೆಯೇ ಆಗುವದನ್ನು ನಾವು ಕಾಣುತ್ತೇವೆ. ಒಬ್ಬರು ಕರ್ತನಲ್ಲಿ ನಿದ್ರೆಹೋದ ಮೇಲೆ, ಅವರಿಗೆ ಮಣ್ಣು ಕೊಟ್ಟು ಹಿಂದಿರುಗುವ ದಾರಿಯಲ್ಲಿ ಜನರು ಮಾತಾಡಿಕೊಳ್ಳುವದು ಸತ್ತವರ ಆಸ್ತಿಯನ್ನು ಕುರಿತಲ್ಲ. ಕಷ್ಟಕಾಲದಲ್ಲಿ ಅವರು ಅಳೆದುಕೊಟ್ಟ ಸೇರು ರಾಗಿಯನ್ನು ಕುರಿತು, ಜ್ವರದ ರಾತ್ರಿಯಲ್ಲಿ ತಲೆದೆಸೆಯಲ್ಲಿ ಕೂತು ಮಾಡಿದ ಪ್ರಾರ್ಥನೆಯನ್ನು ಕುರಿತು.

ಹಾಗಾದರೆ ನಾವು ಹೋದ ಮೇಲೆ ನಮ್ಮ ಮಕ್ಕಳೂ ನೆರೆಯವರೂ ಏನನ್ನು ನೆನಸುವರು? ಈ ಪ್ರಶ್ನೆಯನ್ನು ಮನಸ್ಸಿನಲ್ಲಿಟ್ಟುಕೊಂಡು ಪಂಡಿತಾ ರಮಾಬಾಯಿಯವರ ಚರಿತ್ರೆಯನ್ನು ಈ ಸಂಚಿಕೆಯಲ್ಲಿ ವಿವರಿಸುತ್ತೇವೆ. ಅವರ ಹೆಸರನ್ನು ಅನೇಕರು ಕೇಳಿರುವರು. ಆದರೆ ಅವರು ಮಾಡಿದ ದೊಡ್ಡ ಕೆಲಸಗಳ ಬೇರು, ತಾಯಿತಂದೆಗಳಿಂದ ಅವರು ಹೊಂದಿದ ಪ್ರೀತಿಯ ನೆನಪಿನಲ್ಲಿತ್ತೆಂಬದನ್ನು ಬಲ್ಲವರು ಕಡಿಮೆ.

1. ಘಟ್ಟದ ಮೇಲಿನ ಮನೆ

ರಮಾಬಾಯಿಯವರು ನಮ್ಮ ಕನ್ನಡ ಸೀಮೆಯಲ್ಲಿಯೇ ಹುಟ್ಟಿದವರು. ಅವರ ತಂದೆಯಾದ ಅನಂತ ಶಾಸ್ತ್ರಿ ಡೋಂಗ್ರೆಯವರು ಕಾರ್ಕಳದ ಹತ್ತಿರದ ಮಾಳ ಎಂಬ ಊರಿಗೆ ಸೇರಿದ ಬ್ರಾಹ್ಮಣರು. ಸಂಸ್ಕೃತದಲ್ಲಿ ದೊಡ್ಡ ವಿದ್ವಾಂಸರು. ಯೌವನದಲ್ಲಿ ಅವರು ವಿದ್ಯೆಗಾಗಿ ಪುಣೆಗೆ ಹೋಗಿದ್ದಾಗ, ತಮ್ಮ ಗುರುಗಳು ಪೇಶ್ವೆಯ ಪತ್ನಿಗೆ ಸಂಸ್ಕೃತವನ್ನು ಕಲಿಸುತ್ತಿರುವದನ್ನು ತಿಳಿದು ಆಶ್ಚರ್ಯಪಟ್ಟರು. ಹೆಂಗಸರಿಗೆ ಆ ವಿದ್ಯೆ ಸಲ್ಲದೆಂದು ಎಲ್ಲರೂ ಹೇಳುತ್ತಿದ್ದ ಕಾಲವದು. ತನ್ನ ಮನೆಯಲ್ಲಿಯೂ ಹೀಗೆ ಕಲಿಸಬೇಕೆಂದು ಆ ಯುವಕನು ಆಗಲೇ ನಿಶ್ಚಯಿಸಿಕೊಂಡನು.

ಮೊದಲನೆಯ ಹೆಂಡತಿಯ ಕಾಲದಲ್ಲಿ ಮನೆಯವರ ವಿರೋಧದಿಂದ ಇದು ಕೈಗೂಡಲಿಲ್ಲ. ಆಕೆ ತೀರಿಹೋದ ಅನಂತರ ಶಾಸ್ತ್ರಿಗಳು ಯಾತ್ರೆಗೆ ಹೋಗಿ ಗೋದಾವರಿಯ ತೀರದಲ್ಲಿದ್ದಾಗ, ಅಲ್ಲಿಗೆ ಬಂದಿದ್ದ ಒಬ್ಬ ಯಾತ್ರಿಕನು ತನ್ನ 9 ವರ್ಷದ ಮಗಳನ್ನು ಅವರಿಗೆ ಧಾರೆಯೆರೆದು ಕೊಟ್ಟನು. ಆಗ ಅವರು ನಡುವಯಸ್ಸನ್ನು ದಾಟಿದವರು. ಇಂಥಾ ಮದುವೆಯನ್ನು ನಾವು ಮೆಚ್ಚುವದಿಲ್ಲ; ಆದರೆ ಆ ಕಾಲದ ಪದ್ಧತಿ ಹಾಗಿತ್ತು. ಆ ಹುಡುಗಿಯೇ ಲಕ್ಷ್ಮೀಬಾಯಿ. ಶಾಸ್ತ್ರಿಗಳು ಆಕೆಯನ್ನು ಊರಿಗೆ ಕರತಂದು ಅಕ್ಷರಾಭ್ಯಾಸದಿಂದ ಆರಂಭಿಸಿ ಸಂಸ್ಕೃತವನ್ನು ಕಲಿಸತೊಡಗಿದರು. ಇದನ್ನು ಕೇಳಿ ಸ್ವಜಾತಿಯವರು ಕೋಪಗೊಂಡರು. ಶಾಸ್ತ್ರಿಗಳು ಉಡುಪಿಗೆ ಹೋಗಿ ಪಂಡಿತರ ಮುಂದೆ ಉತ್ತರ ಕೊಡಬೇಕಾಯಿತು. ಅವರು ಶಾಸ್ತ್ರಗಳಿಂದಲೇ ಆಧಾರಗಳನ್ನು ತೋರಿಸಿದ್ದರಿಂದ ಅವರನ್ನು ಜಾತಿಯಿಂದ ಹೊರಗೆ ಹಾಕಲಿಲ್ಲ. ಆದರೂ ಜನರ ಮುನಿಸು ತಣ್ಣಗಾಗಲಿಲ್ಲ.

ಆದಕಾರಣ ಅವರು ಎಳೆಯ ಹೆಂಡತಿಯನ್ನು ಕರಕೊಂಡು ಪಶ್ಚಿಮ ಘಟ್ಟದ ಗಂಗಾಮೂಲವೆಂಬ ದಟ್ಟವಾದ ಕಾಡನ್ನು ಸೇರಿದರು. ತುಂಗಾ, ಭದ್ರಾ, ನೇತ್ರಾವತಿ ನದಿಗಳು ಹುಟ್ಟುವ ಸ್ಥಳವದು. ಮೊದಲನೆಯ ರಾತ್ರಿ ತಲೆಯ ಮೇಲೆ ಸೂರಿರಲಿಲ್ಲ. ಕಣಿವೆಯ ಆಚೆಯಲ್ಲಿ ಹುಲಿಯು ಗರ್ಜಿಸುತ್ತಿತ್ತು. ಹುಡುಗಿಯು ಹೊದಿಕೆಯನ್ನು ಸುತ್ತಿಕೊಂಡು ನೆಲದ ಮೇಲೆ ನಡುಗುತ್ತಾ ಮಲಗಿದ್ದಳು. ಗಂಡನು ಬೆಳಗಾಗುವ ತನಕ ಎಚ್ಚರವಾಗಿ ಕಾದನು. ಕಾಲಕ್ರಮದಲ್ಲಿ ಅಲ್ಲಿ ಮನೆಯಾಯಿತು, ತೋಟವಾಯಿತು, ಓದಲು ಬರುವ ಶಿಷ್ಯರಿಗಾಗಿ ಪಾಠಶಾಲೆಯೂ ಆಯಿತು. ಗಂಡನ ಪಾಠವನ್ನು ಕೇಳಿ ಕೇಳಿ ಲಕ್ಷ್ಮೀಬಾಯಿಯು ಸ್ವತಃ ಪಂಡಿತೆಯಾದಳು. ಆ ಕಾಡಿನ ಮನೆಯಲ್ಲಿ 1858ನೇ ಇಸವಿ ಎಪ್ರಿಲ್ 23ರಂದು ಕಿರಿಯ ಮಗಳಾಗಿ ರಮಾಬಾಯಿಯು ಹುಟ್ಟಿದಳು.

2. ತಾಯಿಯ ಬಾಯಿಯೇ ಪುಸ್ತಕ

ಆ ಮನೆಗೆ ಬಂದ ಅತಿಥಿಗಳಿಗೂ ಶಿಷ್ಯರಿಗೂ ಅನ್ನವಿಕ್ಕಿ ಇಕ್ಕಿ ಶಾಸ್ತ್ರಿಗಳ ಸೊತ್ತೆಲ್ಲಾ ತೀರಿತು. ಮಗುವಿಗೆ 6 ತಿಂಗಳು ತುಂಬಿದಾಗ ಅವರು ಮನೆಯನ್ನು ಬಿಟ್ಟು ಹೊರಟರು. ಕೂಸನ್ನು ಬೆತ್ತದ ಪೆಟ್ಟಿಗೆಯಲ್ಲಿ ಮಲಗಿಸಿ ಘಟ್ಟದಿಂದ ಕೆಳಗೆ ಇಳಿಸಿದರು. ಅಂದಿನಿಂದ ಆ ಕುಟುಂಬಕ್ಕೆ ಸ್ಥಿರವಾದ ವಾಸವಿರಲಿಲ್ಲ. ಒಂದು ತೀರ್ಥಕ್ಷೇತ್ರದಿಂದ ಮತ್ತೊಂದಕ್ಕೆ ನಡೆದು, ಗುಡಿಗಳಲ್ಲಿಯೂ ನದೀತೀರಗಳಲ್ಲಿಯೂ ಪುರಾಣಗಳನ್ನು ಓದಿ, ಕೇಳಿದವರು ಕೊಟ್ಟದ್ದರಿಂದ ಜೀವನ ಮಾಡುತ್ತಿದ್ದರು.

ಈ ಅಲೆದಾಟದ ನಡುವೆ ತಾಯಿಯು ಮಗಳ ಪಾಠವನ್ನು ಬಿಡಲಿಲ್ಲ. ತಂದೆಗೆ ಮುಪ್ಪಾಗಿತ್ತು, ಆದ್ದರಿಂದ ರಮಾಬಾಯಿಗೆ 8 ವರ್ಷ ಆದಂದಿನಿಂದ ಕಲಿಸುವ ಹೊರೆಯನ್ನು ತಾಯಿಯೇ ಹೊತ್ತುಕೊಂಡಳು. ಮನೆಗೆಲಸಕ್ಕೆ ತೊಡಗುವ ಮೊದಲೇ, ಇನ್ನೂ ಮಬ್ಬಿರುವಾಗ, ನಿದ್ದೆಗಣ್ಣಿನ ಮಗಳನ್ನು ಮುದ್ದುಮಾತುಗಳಿಂದ ಎಬ್ಬಿಸಿ ಕೂರಿಸಿಕೊಂಡು ಶ್ಲೋಕಗಳನ್ನು ಹೇಳಿಕೊಡುವಳು. ತಾಯಿಯ ಬಾಯಿಯೇ ಮಗಳಿಗೆ ಪುಸ್ತಕವಾಗಿತ್ತು. ಹೀಗೆ ಕಲಿತ ಹುಡುಗಿಯು ಭಾಗವತದ ಸಾವಿರಾರು ಶ್ಲೋಕಗಳನ್ನು ಬಾಯಿಪಾಠ ಮಾಡಿದಳು. ಮರಾಠಿ, ಕನ್ನಡ, ಹಿಂದೀ ಮೊದಲಾದ ಭಾಷೆಗಳನ್ನು ದಾರಿಯಲ್ಲಿ ಜನರ ಬಾಯಿಂದ ಕೇಳಿಯೇ ಕಲಿತಳು. ಹಿರಿಯ ಮಗಳ ಬಾಲ್ಯವಿವಾಹವು ದುಃಖಕ್ಕೆ ಕಾರಣವಾಗಿದ್ದರಿಂದ, ತಂದೆಯು ಜನರ ನಿಂದೆಯನ್ನು ಸಹಿಸಿಕೊಂಡು ರಮಾಬಾಯಿಗೆ ಚಿಕ್ಕಂದಿನಲ್ಲಿ ಮದುವೆ ಮಾಡದೆ ಬಿಟ್ಟನು.

ತಾಯಂದಿರೇ, ಇಲ್ಲಿ ಸ್ವಲ್ಪ ನಿಲ್ಲಿರಿ. ಮನೆಯಿಲ್ಲ, ಹೊಲವಿಲ್ಲ, ನಾಳೆಯ ಊಟದ ಖಾತ್ರಿಯಿಲ್ಲ. ಆದರೂ ಆ ತಾಯಿಗೆ ಮಗಳಿಗೆ ಕಲಿಸುವದಕ್ಕೆ ಸಮಯವಿತ್ತು. ತಿಮೊಥೆಯನ ತಾಯಿ ಯೂನೀಕೆಯೂ ಅಜ್ಜಿ ಲೋವಿಯೂ ಮಾಡಿದ್ದು ಇಂಥಾ ಕೆಲಸವೇ. ಸತ್ಯವೇದವು ಕೈಯಲ್ಲಿರುವ ನಾವು, ಕೆಲಸ ಬಹಳವೆಂದು ಹೇಳಿ ಮಕ್ಕಳನ್ನು ಪ್ರಾರ್ಥನೆಯಿಲ್ಲದೆ ಮಲಗಿಸುವದು ಸರಿಯೋ?

3. ಒಂದು ತುಂಡು ರೊಟ್ಟಿ

1870ರ ದಶಕದಲ್ಲಿ ದಕ್ಷಿಣ ದೇಶದಲ್ಲಿ ಕ್ಷಾಮವುಂಟಾಯಿತು. ಪುರಾಣ ಕೇಳುವವರು ಇಲ್ಲವಾದರು, ಕೊಡುವವರೂ ಇಲ್ಲವಾದರು. ಶಾಸ್ತ್ರಿಗಳ ಕುಟುಂಬದವರು ಕೂಲಿಯ ಕೆಲಸವನ್ನು ಕಲಿತಿರಲಿಲ್ಲ. ಭಿಕ್ಷೆ ಬೇಡಲು ನಾಚಿಕೆಪಟ್ಟರು. ಇದ್ದ ಒಡವೆಗಳನ್ನೂ ಪಾತ್ರೆಗಳನ್ನೂ ಮಾರಿ ತಿಂದರು. ಅನಂತರ ಎಲೆಗಳನ್ನೂ ಕಾಡುಹಣ್ಣುಗಳನ್ನೂ ತಿಂದರು. ತಂದೆಗೆ ಕಣ್ಣು ಕಾಣದಾಗಿತ್ತು. ತನ್ನ ಅಂತ್ಯವು ಸಮೀಪಿಸಿತೆಂದು ತಿಳಿದು ಅವನು ಕಿರಿಯ ಮಗಳನ್ನು ಅಪ್ಪಿಕೊಂಡು, ತಾನು ಅವಳನ್ನು ಎಷ್ಟು ಪ್ರೀತಿಸಿದನೆಂಬದನ್ನು ಹೇಳಿ, ಎಂದಿಗೂ ನೀತಿಯ ದಾರಿಯನ್ನು ಬಿಡದೆ ಜೀವಮಾನವೆಲ್ಲಾ ದೇವರ ಸೇವೆಯನ್ನು ಮಾಡಬೇಕೆಂದು ಬೋಧಿಸಿ, ಅವಳನ್ನು ದೇವರ ಕೈಗೆ ಒಪ್ಪಿಸಿದನು. ಆಗ ಅವಳಿಗೆ ಸುಮಾರು 16 ವರ್ಷ. ಆ ಮಾತುಗಳು ಸಾಯುವ ತನಕ ಅವಳ ಕಿವಿಯಲ್ಲಿದ್ದವು.

ತಂದೆಯು ಹೋದ ಸ್ವಲ್ಪ ಕಾಲದಲ್ಲಿಯೇ ತಾಯಿಯು ಜ್ವರದಿಂದ ಮಲಗಿದಳು. ಹಸಿವಿನಿಂದ ಆಕೆ ಅನ್ನಕ್ಕಾಗಿ ಹಂಬಲಿಸುವದನ್ನು ನೋಡಲಾರದೆ ರಮಾಬಾಯಿಯು ಒಬ್ಬ ಬ್ರಾಹ್ಮಣ ಗೃಹಿಣಿಯ ಮನೆಗೆ ಹೋಗಿ ನಿಂತಳು. ಆದರೆ ಬೇಡುವದಕ್ಕೆ ಬಾಯಿ ಬರಲಿಲ್ಲ. ತುಟಿಗಳನ್ನು ಬಿಗಿಹಿಡಿದಷ್ಟೂ ಕಣ್ಣೀರು ಸುರಿಯಿತು. ಆ ದಯಾವಂತೆಯು ತಾನೇ ಅರ್ಥಮಾಡಿಕೊಂಡು, ತಿನ್ನಲು ಏನಾದರೂ ಬೇಕೋ ಎಂದು ವಿಚಾರಿಸಿ ಒಂದು ತುಂಡು ಸಜ್ಜೆಯ ರೊಟ್ಟಿಯನ್ನು ಕೊಟ್ಟಳು. ಹುಡುಗಿಯು ಅದನ್ನು ಹಿಡುಕೊಂಡು ತಾಯಿಯ ಬಳಿಗೆ ಓಡಿದಳು. ಆದರೆ ಅದನ್ನು ತಿನ್ನುವಷ್ಟು ಶಕ್ತಿಯು ತಾಯಿಯಲ್ಲಿ ಉಳಿದಿರಲಿಲ್ಲ. ಕೆಲವು ದಿನಗಳಲ್ಲಿ ಆಕೆ ಪ್ರಾಣಬಿಟ್ಟಳು.

ಹೆಣವನ್ನು ಹೊರಲು ಜನರು ಸಿಕ್ಕಲಿಲ್ಲ. ಕೊನೆಗೆ ಇಬ್ಬರು ಬ್ರಾಹ್ಮಣರು ಕನಿಕರಪಟ್ಟು ಹೆಗಲು ಕೊಟ್ಟರು. ಸುಡುಗಾಡು ಸುಮಾರು 3 ಮೈಲಿ ದೂರದಲ್ಲಿತ್ತು. ನಾಲ್ಕನೆಯ ಮೂಲೆಯನ್ನು ಹೊರಲು ಮಗಳೇ ನಿಂತಳು; ಅವಳು ಗಿಡ್ಡಾಗಿದ್ದದರಿಂದ ಚಟ್ಟವನ್ನು ಹೆಗಲಿನ ಮೇಲಲ್ಲ, ತಲೆಯ ಮೇಲೆ ಹೊತ್ತಳು. ಆಮೇಲೆ ಅಕ್ಕನೂ ತೀರಿಹೋದಳು. ಅಣ್ಣನಾದ ಶ್ರೀನಿವಾಸನೂ ತಂಗಿಯೂ ಇಬ್ಬರೇ ಉಳಿದು, ಬರಿಗಾಲಿನಿಂದ ಸಾವಿರಾರು ಮೈಲಿ ನಡೆದು ಉತ್ತರ ದೇಶವನ್ನೆಲ್ಲಾ ಸುತ್ತಿದರು. ಚಳಿಯ ರಾತ್ರಿಗಳಲ್ಲಿ ಹೊದೆಯಲು ಕಂಬಳಿಯಿಲ್ಲದೆ ಕಷ್ಟಪಟ್ಟರು.

4. ಮಾನವೂ ವೈಧವ್ಯವೂ

1878ರಲ್ಲಿ ಅವರು ಕಲ್ಕತ್ತೆಯನ್ನು ಮುಟ್ಟಿದರು. ಇಪ್ಪತ್ತು ವರ್ಷದ ಹುಡುಗಿಯು ಸಂಸ್ಕೃತದಲ್ಲಿ ನಿರರ್ಗಳವಾಗಿ ಮಾತಾಡುವದನ್ನು ಕೇಳಿ ಅಲ್ಲಿಯ ವಿದ್ವಾಂಸರು ಬೆರಗಾಗಿ, ಪಂಡಿತೆಯೆಂದೂ ಸರಸ್ವತಿಯೆಂದೂ ಬಿರುದುಗಳನ್ನು ಕೊಟ್ಟರು. ಅಂದಿನಿಂದ ಅವರು ಪಂಡಿತಾ ರಮಾಬಾಯಿಯವರಾದರು. ಆದರೆ ಶಾಸ್ತ್ರಗಳನ್ನು ಹೆಚ್ಚಾಗಿ ಶೋಧಿಸಿದ ಹಾಗೆ, ಅವುಗಳಲ್ಲಿ ಸ್ತ್ರೀಯರಿಗೂ ಕೀಳೆನಿಸಿಕೊಂಡ ಜಾತಿಯವರಿಗೂ ಆಶ್ರಯವಿಲ್ಲವೆಂದು ಅವರಿಗೆ ತೋರಿ, ಹಳೆಯ ನಂಬಿಕೆಯು ಸಡಿಲವಾಯಿತು.

1880ರಲ್ಲಿ ಅಣ್ಣನು ಢಾಕಾದಲ್ಲಿ ರೋಗದಿಂದ ಬಿದ್ದನು. ತನ್ನ ತರುವಾಯ ತಂಗಿಗೆ ಯಾರು ಗತಿಯೆಂಬದೇ ಅವನ ಚಿಂತೆ. ನಮ್ಮಿಬ್ಬರನ್ನೂ ನೋಡಿಕೊಳ್ಳುವವನು ದೇವರೊಬ್ಬನೇ ಎಂದು ತಂಗಿಯು ಹೇಳಲು, ಅವನು ಸಮಾಧಾನ ಹೊಂದಿ ಕಣ್ಣು ಮುಚ್ಚಿದನು. ಅದೇ ವರ್ಷ ರಮಾಬಾಯಿಯವರು ಅಣ್ಣನ ಸ್ನೇಹಿತನಾದ ಬಿಪಿನ್ ಬಿಹಾರಿ ಮೇಧಾವಿ ಎಂಬ ಬಂಗಾಳಿ ವಕೀಲರನ್ನು ಮದುವೆಯಾದರು. ವರನು ಬ್ರಾಹ್ಮಣನಲ್ಲವಾದ್ದರಿಂದ ಇಬ್ಬರ ಕಡೆಯವರೂ ದೂರವಾದರು. 1881ರ ಎಪ್ರಿಲ್‌ನಲ್ಲಿ ಮನೋರಮೆಯೆಂಬ ಮಗಳು ಹುಟ್ಟಿದಳು. 1882ರ ಫೆಬ್ರುವರಿಯಲ್ಲಿ ವಾಂತಿಭೇದಿಯ ಜಾಡ್ಯದಿಂದ ಗಂಡನು ತೀರಿಕೊಂಡನು. ಹೀಗೆ 23 ವರ್ಷ ಪ್ರಾಯದಲ್ಲಿ, ಹತ್ತು ತಿಂಗಳ ಕೂಸಿನ ಸಂಗಡ ಅವರು ವಿಧವೆಯಾದರು. ಆ ಕಾಲದಲ್ಲಿ ಮೇಲುಜಾತಿಯ ವಿಧವೆಯ ಬಾಳು ಎಂಥಾದ್ದೆಂಬದನ್ನು ಹಿರಿಯರು ಬಲ್ಲರು: ಬೋಳಿಸಿದ ತಲೆ, ಒಂದೇ ಹೊತ್ತಿನ ಊಟ, ಅಪಶಕುನವೆಂಬ ಹೆಸರು. ರಮಾಬಾಯಿಯವರು ಪುಣೆಗೆ ಬಂದು, ಸ್ತ್ರೀಯರ ವಿದ್ಯೆಗಾಗಿ ಆರ್ಯ ಮಹಿಳಾ ಸಮಾಜವನ್ನು ಸ್ಥಾಪಿಸಿ ಕೆಲಸಕ್ಕೆ ಕೈಹಚ್ಚಿದರು.

5. ಅವರು ಕ್ರಿಸ್ತನನ್ನು ಕಂಡ ಬಗೆ

ಗಂಡನು ಬದುಕಿದ್ದಾಗ ಅವರ ಮನೆಯ ಪುಸ್ತಕಗಳ ನಡುವೆ ಬಂಗಾಳೀ ಭಾಷೆಯ ಲೂಕನ ಸುವಾರ್ತೆಯೊಂದು ರಮಾಬಾಯಿಯವರಿಗೆ ಸಿಕ್ಕಿತ್ತು. ಅದನ್ನು ಓದಿ ಅವರ ಮನಸ್ಸು ಎಳೆಯಲ್ಪಟ್ಟಿತ್ತು. 1883ರಲ್ಲಿ ಅವರು ಹೆಚ್ಚಿನ ವಿದ್ಯೆಗಾಗಿ ಮಗಳೊಂದಿಗೆ ಇಂಗ್ಲೆಂಡಿಗೆ ಹೋಗಿ, ವಾಂಟೇಜ್ ಎಂಬ ಊರಿನಲ್ಲಿ ಸಭೆಯ ಸೇವೆಗಾಗಿ ತಮ್ಮನ್ನು ಒಪ್ಪಿಸಿಕೊಟ್ಟಿದ್ದ ಸಹೋದರಿಯರ ಬಳಿ ಇಳುಕೊಂಡರು. ಆ ಸಹೋದರಿಯರು ಲಂಡನಿನಲ್ಲಿ ನಡಿಸುತ್ತಿದ್ದ ಒಂದು ಆಶ್ರಮವನ್ನು ಅವರಿಗೆ ತೋರಿಸಿದರು. ದಾರಿತಪ್ಪಿ ಕೆಟ್ಟ ಹೆಂಗಸರನ್ನು ಅಲ್ಲಿ ಪ್ರೀತಿಯಿಂದ ಸೇರಿಸಿಕೊಂಡು, ರೋಗಿಗಳಿಗೆ ಶುಶ್ರೂಷೆ ಮಾಡಿ, ಹೊಸ ಜೀವನಕ್ಕೆ ನಡಿಸುತ್ತಿದ್ದರು. ಇಂಥವರನ್ನು ಜನರು ನಾಯಿಗಳಂತೆ ಅಟ್ಟುವದನ್ನೇ ಕಂಡಿದ್ದ ರಮಾಬಾಯಿಯವರಿಗೆ ಇದು ಹೊಸ ನೋಟವಾಯಿತು. ಹೀಗೆ ಮಾಡುವದಕ್ಕೆ ಕಾರಣವೇನೆಂದು ಕೇಳಲು, ಒಬ್ಬ ಸಹೋದರಿಯು ಯೋಹಾನನ ಸುವಾರ್ತೆಯ ನಾಲ್ಕನೆಯ ಅಧ್ಯಾಯದಿಂದ ಸಮಾರ್ಯದ ಸ್ತ್ರೀಯ ಸಂಗತಿಯನ್ನು ಓದಿ ವಿವರಿಸಿದಳು. ಬಿದ್ದವಳನ್ನು ತಳ್ಳಿಬಿಡದೆ ಬಾವಿಯ ದಡದಲ್ಲಿ ಕೂತು ಆಕೆಯ ಸಂಗಡ ಮಾತಾಡಿದ ಕರ್ತನನ್ನು ರಮಾಬಾಯಿಯವರು ಅಲ್ಲಿ ಕಂಡುಕೊಂಡರು. 1883 ಸಪ್ಟಂಬರ್ 29ರಂದು ತಾಯಿಗೂ ಮಗಳಿಗೂ ದೀಕ್ಷಾಸ್ನಾನವಾಯಿತು.

ಆದರೆ ದೀಕ್ಷಾಸ್ನಾನವೇ ದಾರಿಯ ಕೊನೆಯೆಂದು ಅವರು ತಿಳಿಯಲಿಲ್ಲ. ಸುಮಾರು 8 ವರ್ಷಗಳಾದ ಮೇಲೆ, ತಾನು ಕ್ರೈಸ್ತ ಮತವನ್ನು ಹೊಂದಿದ್ದೇನೆ, ಆದರೆ ಕ್ರಿಸ್ತನನ್ನೇ ಇನ್ನೂ ಪೂರ್ಣವಾಗಿ ಹೊಂದಲಿಲ್ಲವೆಂದು ಅವರಿಗೆ ಅರಿವಾಯಿತು. ಬುದ್ಧಿಯು ಒಪ್ಪಿದ್ದನ್ನು ಹೃದಯವು ಹಿಡಿಯಬೇಕಾಗಿತ್ತು. ತನ್ನ ಪಾಪಗಳ ಭಾರವನ್ನು ಕರ್ತನ ಮೇಲೆ ಹಾಕಿ, ಆತನ ಮೇಲೆಯೇ ಭರವಸವಿಟ್ಟಾಗ ಅವರಿಗೆ ಸಮಾಧಾನ ಉಂಟಾಯಿತು. ಸಭೆಯ ಪುಸ್ತಕದಲ್ಲಿ ಹೆಸರು ಬರೆದಾಯಿತೆಂದು ನೆಮ್ಮದಿಯಾಗಿರುವ ನಮಗೆ ಇದು ಯೋಚಿಸತಕ್ಕ ಮಾತು.

ಮತ್ತೊಂದನ್ನೂ ಗಮನಿಸೋಣ. ಹುಟ್ಟಿದ ಮತವನ್ನು ಬಿಟ್ಟರೂ ರಮಾಬಾಯಿಯವರು ತಾಯಿತಂದೆಗಳನ್ನು ಹೀನೈಸಿ ಮಾತಾಡಲಿಲ್ಲ. ತಮ್ಮ ಬರಹಗಳಲ್ಲಿ ಅವರನ್ನು ಕೃತಜ್ಞತೆಯಿಂದಲೇ ನೆನಸಿದ್ದಾರೆ. ಮೊದಲಿನಂತೆ ಸೀರೆಯನ್ನೇ ಉಟ್ಟರು, ಮಾಂಸವನ್ನು ಮುಟ್ಟಲಿಲ್ಲ. ನಮ್ಮಲ್ಲಿ ಕೆಲವರು ವಿಶ್ವಾಸಕ್ಕೆ ಬಂದ ಕೂಡಲೆ, ಅದಕ್ಕೆ ಬಾರದ ತಾಯಿತಂದೆಗಳನ್ನು ಅಜ್ಞಾನಿಗಳೆಂದು ಜರೆಯುವದನ್ನೂ, ಮುಪ್ಪಿನಲ್ಲಿ ಅವರನ್ನು ವಿಚಾರಿಸದೆ ಬಿಡುವದನ್ನೂ ನಾವು ದುಃಖದಿಂದ ನೋಡಿದ್ದೇವೆ. ಹತ್ತು ಆಜ್ಞೆಗಳಲ್ಲಿ ತಂದೆತಾಯಿಗಳ ಸನ್ಮಾನವನ್ನು ಕುರಿತ ಆಜ್ಞೆಯು ವಿಶ್ವಾಸಿಗಳಾದ ತಂದೆತಾಯಿಗಳಿಗೆ ಮಾತ್ರ ಸಲ್ಲುವದೆಂದು ಎಲ್ಲಿಯೂ ಬರೆದಿಲ್ಲ.

6. ಶಾರದಾ ಸದನ

1886ರಲ್ಲಿ ಅವರು ಅಮೇರಿಕಕ್ಕೆ ಹೋಗಿ, ಹಿಂದೂ ವಿಧವೆಯರ ಕಷ್ಟಗಳನ್ನು ಊರೂರಲ್ಲಿ ವಿವರಿಸಿ, ಅದನ್ನೇ ಕುರಿತು ಇಂಗ್ಲಿಷಿನಲ್ಲಿ ಪುಸ್ತಕವನ್ನೂ ಬರೆದರು. ಬೋಸ್ಟನ್ ಪಟ್ಟಣದಲ್ಲಿ ಒಂದು ಸಂಘವು ಏರ್ಪಟ್ಟು 10 ವರ್ಷಗಳ ವರೆಗೆ ಸಹಾಯಮಾಡಲು ಒಪ್ಪಿತು. 1889 ಮಾರ್ಚ್ 11ರಂದು ಬೊಂಬಾಯಿಯಲ್ಲಿ ಶಾರದಾ ಸದನವೆಂಬ ಶಾಲೆಯನ್ನು ತೆರೆದರು. ಮೊದಲು ಬಂದ ಬೆರಳೆಣಿಕೆಯ ಹುಡುಗಿಯರಲ್ಲಿ ಗೋದೂಬಾಯಿ ಎಂಬ ಬಾಲವಿಧವೆಯೂ ಒಬ್ಬಳು. ಮರುವರ್ಷ ಶಾಲೆಯು ಪುಣೆಗೆ ಬಂತು.

ಈ ಶಾಲೆಯಲ್ಲಿ ಯಾರಿಗೂ ಮತವನ್ನು ಬಲವಂತವಾಗಿ ಕಲಿಸುವದಿಲ್ಲವೆಂದು ಮಾತು ಕೊಡಲ್ಪಟ್ಟಿತ್ತು. ರಮಾಬಾಯಿಯವರು ತಮ್ಮ ಕೋಣೆಯಲ್ಲಿ ಮಗಳೊಂದಿಗೆ ಪ್ರಾರ್ಥಿಸುತ್ತಿದ್ದರು. ಬಾಗಲನ್ನು ಮಾತ್ರ ಮುಚ್ಚುತ್ತಿರಲಿಲ್ಲ. ಕೆಲವು ಹುಡುಗಿಯರು ತಾವಾಗಿಯೇ ಒಳಗೆ ಬಂದು ಕೂರುತ್ತಿದ್ದರು. ಇದರಿಂದ ಪುಣೆಯಲ್ಲಿ ದೊಡ್ಡ ಗದ್ದಲವೆದ್ದಿತು. 1893ರಲ್ಲಿ, ಅವರಿಗೆ ಆಲೋಚನೆ ಹೇಳುತ್ತಿದ್ದ ರಾನಡೆ, ಭಂಡಾರ್ಕರ್ ಮೊದಲಾದ ಹಿರಿಯರು ಸಂಬಂಧವನ್ನು ಬಿಟ್ಟರು. ಪೋಷಕರು ಇಪ್ಪತ್ತಕ್ಕೂ ಹೆಚ್ಚು ಹುಡುಗಿಯರನ್ನು ಕರಕೊಂಡು ಹೋದರು. ಆದರೂ ರಮಾಬಾಯಿಯವರು ತಮ್ಮ ಕೋಣೆಯ ಬಾಗಲನ್ನು ಮುಚ್ಚಲಿಲ್ಲ. ಉಳಿದವರನ್ನು ನಂಬಿಕೆಗೆ ನೂಕಲೂ ಇಲ್ಲ.

ಆ ಗೋದೂಬಾಯಿಯು ಕ್ರೈಸ್ತಳಾಗಲಿಲ್ಲ. 1893ರಲ್ಲಿ ಆಕೆ ಧೋಂಡೋ ಕೇಶವ ಕರ್ವೆಯವರನ್ನು ಮರುಮದುವೆಯಾದಳು. ಅನಂತರ ಕರ್ವೆಯವರು ಪುಣೆಯಲ್ಲಿ ವಿಧವೆಯರ ಆಶ್ರಮವನ್ನು ಸ್ಥಾಪಿಸಲು, ಆಕೆಯೂ ಅದಕ್ಕಾಗಿ ದುಡಿದಳು. ರಮಾಬಾಯಿಯವರಲ್ಲಿ ಕಲಿತ ಉಪಕಾರವನ್ನು ಆಕೆ ಮರೆಯಲಿಲ್ಲ. ನಮ್ಮ ಪ್ರೀತಿಯು ನಮ್ಮ ಸಭೆಯ ಗೋಡೆಯ ತನಕ ಹೋಗಿ ನಿಂತುಬಿಟ್ಟರೆ, ಗೋಡೆಯ ಆಚೆಯವರು ನಮ್ಮನ್ನು ಯಾತಕ್ಕಾಗಿ ನೆನಸುವರು?

7. ಮುಕ್ತಿ

1896ರಲ್ಲಿ ಮಧ್ಯ ಪ್ರಾಂತ್ಯಗಳಲ್ಲಿ ಘೋರವಾದ ಬರಗಾಲ ಬಂತು. ಆ ಸುದ್ದಿಯನ್ನು ಕೇಳಿದಾಗ ರಮಾಬಾಯಿಯವರಿಗೆ ಇಪ್ಪತ್ತು ವರ್ಷಗಳಿಗೂ ಹಿಂದಿನ ತಮ್ಮ ದಿನಗಳು ಕಣ್ಣೆದುರಿಗೆ ಬಂದವು. ಹಸಿದವರ ಸಂಕಟವನ್ನು ಅವರು ಪುಸ್ತಕದಲ್ಲಿ ಓದಿ ತಿಳಿದವರಲ್ಲ. ಶಾಲೆಯ ಹಣವು ಶಾಲೆಗೆ ಸಾಲುವಷ್ಟೇ ಇತ್ತು. ಆದರೂ ಕರ್ತನ ಮೇಲೆ ಭಾರ ಹಾಕಿ ಅವರು ಹೊರಟುಹೋದರು. ಅಲ್ಲಿಯ ಕ್ಷಾಮ ಪರಿಹಾರದ ಶಿಬಿರಗಳಲ್ಲಿ ಎಲುಬಿನ ಗೂಡುಗಳಾಗಿದ್ದ ಹುಡುಗಿಯರನ್ನೂ, ಅವರನ್ನು ಮರುಳುಮಾಡಿ ಕೆಟ್ಟದ್ದಕ್ಕೆ ಕರಕೊಂಡುಹೋಗಲು ಹೊಂಚುಹಾಕುತ್ತಿದ್ದ ದುಷ್ಟರನ್ನೂ ಕಂಡರು. ಸುಮಾರು 300 ಹುಡುಗಿಯರನ್ನೂ ಸ್ತ್ರೀಯರನ್ನೂ ರಕ್ಷಿಸಿ ತಂದರು.

ಆಗ ಪುಣೆಯಲ್ಲಿ ಪ್ಲೇಗು ಹಬ್ಬಿದ್ದರಿಂದ ಅವರನ್ನೆಲ್ಲಾ ಪಟ್ಟಣದಲ್ಲಿ ಇಡಲು ಸರಕಾರದ ಅಪ್ಪಣೆಯಾಗಲಿಲ್ಲ. ಪುಣೆಯಿಂದ 30 ಮೈಲಿಗೂ ಹೆಚ್ಚು ದೂರವಿರುವ ಕೇಡಗಾಂವ್ ಎಂಬ ಹಳ್ಳಿಯ ಬಳಿ, ಶಾಲೆಯ ವೆಚ್ಚಕ್ಕೆ ಒದಗಲೆಂದು ಕೊಂಡಿದ್ದ ಸುಮಾರು 100 ಎಕ್ರೆ ಭೂಮಿ ಅವರಿಗಿತ್ತು. ಅಲ್ಲಿಯೇ ಗುಡಿಸಲುಗಳನ್ನು ಹಾಕಿಸಿದರು. ಆ ಸ್ಥಳಕ್ಕೆ ಮುಕ್ತಿ ಎಂಬ ಹೆಸರಾಯಿತು. ಶಾರದಾ ಸದನವು ಮೇಲುಜಾತಿಯ ವಿಧವೆಯರಿಗಾಗಿ ಹುಟ್ಟಿದ್ದು. ಮುಕ್ತಿಯಲ್ಲಿಯಾದರೋ ಜಾತಿಯ ವಿಚಾರಣೆ ಇರಲಿಲ್ಲ. ಹುಣ್ಣುಗಳಿಂದ ತುಂಬಿದ್ದ ಆ ಮಕ್ಕಳನ್ನು ತೊಳೆದು, ಬಾಚಿ, ಉಣಿಸುವ ಕೆಲಸಕ್ಕೆ ಶಾರದಾ ಸದನದ ಹಳೆಯ ವಿದ್ಯಾರ್ಥಿನಿಯರೇ ತಾಯಂದಿರಂತೆ ಮುಂದೆ ಬಂದರು. ತಾವು ಹೊಂದಿದ ಪ್ರೀತಿಯನ್ನೇ ಅವರು ಮತ್ತೊಬ್ಬರಿಗೆ ಹಂಚಿದರು.

1898ರಲ್ಲಿ ಬೋಸ್ಟನ್ ಸಂಘದ 10 ವರ್ಷಗಳ ಮಾತು ಮುಗಿಯಿತು. 1900ರಲ್ಲಿ ಗುಜರಾತಿನಲ್ಲಿ ಮತ್ತೆ ಬರಗಾಲವಾಯಿತು. ಆಗ ಮುಕ್ತಿಯಲ್ಲಿ ಆಶ್ರಯ ಹೊಂದಿದವರ ಸಂಖ್ಯೆಯು 2000ಕ್ಕೆ ಸಮೀಪಿಸಿತು. ಹೊಲಗಳು, ಬಾವಿಗಳು, ದನದ ಕೊಟ್ಟಿಗೆ, ಎಣ್ಣೆಯ ಗಾಣ, ಮಗ್ಗಗಳು, ಅಚ್ಚುಕೂಟ ಇವೆಲ್ಲವುಗಳಲ್ಲಿ ಹೆಂಗಸರೇ ದುಡಿದರು. ಹಾಳಾದ ಸ್ತ್ರೀಯರಿಗಾಗಿ ಕೃಪಾ ಸದನವೂ, ಮುದುಕಿಯರಿಗಾಗಿ ಪ್ರೀತಿ ಸದನವೂ ಉಂಟಾದವು. ಕುರುಡರು ಬೆರಳುಗಳಿಂದ ಓದುವ ಅಕ್ಷರಗಳನ್ನು ಮನೋರಮೆಯು ಅಮೇರಿಕದಲ್ಲಿ ಕಲಿತು ಬಂದು, ಮುಕ್ತಿಯ ಕುರುಡಿಯರಿಗೆ ಕಲಿಸಿದಳು. 1905ರಲ್ಲಿ ಪ್ರಾರ್ಥನೆಯ ದೊಡ್ಡ ಉಜ್ಜೀವನವು ಅಲ್ಲಿ ನಡೆದು, ಹುಡುಗಿಯರು ಗುಂಪುಗಳಾಗಿ ಸುತ್ತಲಿನ ಹಳ್ಳಿಗಳಿಗೆ ಸುವಾರ್ತೆಯನ್ನು ಒಯ್ದರು.

ಪ್ರಿಯರೇ, ಇಲ್ಲಿ ದೇವರ ನಡಿಸುವಿಕೆಯನ್ನು ನೋಡಿರಿ. ಒಂದು ತುಂಡು ರೊಟ್ಟಿಯಿಂದ ತಾಯಿಯನ್ನು ಉಳಿಸಲಾರದ ಮಗಳು, ಬಹು ವರ್ಷಗಳಾದ ಮೇಲೆ ಎರಡು ಸಾವಿರ ಮಂದಿಗೆ ತಾಯಿಯಾಗಿ ರೊಟ್ಟಿಯನ್ನು ಹಂಚಿದಳು. ಅಂದಿನ ದುಃಖವು ಆಕೆಯನ್ನು ಕಹಿಯಾಗಿಸಬಹುದಾಗಿತ್ತು. ಆದರೆ ಆಕೆ ಅದನ್ನು ಕರ್ತನ ಕೈಯಲ್ಲಿಟ್ಟಳು. ಆತನು ಅದನ್ನು ಕರುಣೆಯನ್ನಾಗಿ ಮಾರ್ಪಡಿಸಿದನು.

8. ಕೊನೆಯ ಕೆಲಸ

ಮುಪ್ಪು ಸಮೀಪಿಸಿದಾಗ ಅವರು ಮತ್ತೊಂದು ಭಾರವನ್ನು ಹೊತ್ತುಕೊಂಡರು. ಮರಾಠಿಯ ಸತ್ಯವೇದದಲ್ಲಿ ಸಂಸ್ಕೃತ ಶಬ್ದಗಳು ಹೆಚ್ಚಾಗಿರುವದರಿಂದ ಹಳ್ಳಿಯ ಹೆಂಗಸರಿಗೆ ಅರ್ಥವಾಗುವದಿಲ್ಲವೆಂದು ಕಂಡು, ಸುಲಭವಾದ ಮಾತುಗಳಲ್ಲಿ ಅದನ್ನು ಹೊಸದಾಗಿ ಭಾಷಾಂತರಿಸತೊಡಗಿದರು. ಸಂಸ್ಕೃತದಿಂದ ಬಿರುದು ಪಡೆದ ಪಂಡಿತೆಯು ಓದುಬರಹ ತಿಳಿಯದವರಿಗಾಗಿ ಸಂಸ್ಕೃತವನ್ನು ಬದಿಗಿಟ್ಟರು. ಇದಕ್ಕಾಗಿ ಇಬ್ರಿಯ ಮತ್ತು ಗ್ರೀಕ್ ಭಾಷೆಗಳನ್ನು ಕಲಿತರು. ಕಿವಿ ಚೆನ್ನಾಗಿ ಕೇಳುತ್ತಿರಲಿಲ್ಲ, ಶರೀರವು ಬಳಲಿತ್ತು. ಅಕ್ಷರ ಜೋಡಿಸುವದೂ ಅಚ್ಚು ಹಾಕುವದೂ ಮುಕ್ತಿಯ ಹುಡುಗಿಯರ ಕೈಯಿಂದಲೇ ಆಯಿತು.

ಮನೋರಮೆಯು ತಾಯಿಗೆ ಬಲಗೈಯಾಗಿದ್ದಳು. ಬೊಂಬಾಯಿಯ ಯೂನಿವರ್ಸಿಟಿಯಿಂದ ಬಿ. ಎ. ಪದವಿಯನ್ನು ಹೊಂದಿ, ಶಾಲೆಯ ಆಡಳಿತವನ್ನು ನಡಿಸುತ್ತಿದ್ದಳು. ಆಗ ನಿಜಾಮನ ಸೀಮೆಯಲ್ಲಿದ್ದ ನಮ್ಮ ಕಲಬುರ್ಗಿಯಲ್ಲಿಯೂ ರಮಾಬಾಯಿಯವರು ಹೆಣ್ಣುಮಕ್ಕಳಿಗಾಗಿ ಶಾಲೆಯನ್ನು ಸ್ಥಾಪಿಸಿ ಮಗಳ ಕೈಗೆ ಒಪ್ಪಿಸಿದರು. ತನ್ನ ತರುವಾಯ ಎಲ್ಲವನ್ನೂ ಮಗಳೇ ನೋಡಿಕೊಳ್ಳುವಳೆಂದು ತಾಯಿಯು ನಿರೀಕ್ಷಿಸಿದ್ದರು. ಆದರೆ 1921ರ ಜುಲೈ ತಿಂಗಳಲ್ಲಿ, 40 ವರ್ಷ ಪ್ರಾಯದಲ್ಲಿ, ಮನೋರಮೆಯು ತೀರಿಹೋದಳು. ತಂದೆ, ತಾಯಿ, ಅಕ್ಕ, ಅಣ್ಣ, ಗಂಡ, ಈಗ ಒಬ್ಬಳೇ ಮಗಳು. ರಮಾಬಾಯಿಯವರು ಅತ್ತರು, ಆದರೆ ಕೈಯಲ್ಲಿದ್ದ ಭಾಷಾಂತರವನ್ನು ಬಿಡಲಿಲ್ಲ. ಅದನ್ನು ಮುಗಿಸಿ, 1922 ಎಪ್ರಿಲ್ 5ರಂದು ಕರ್ತನಲ್ಲಿ ನಿದ್ರೆಹೋದರು. ಇನ್ನು ಕೆಲವು ದಿನಗಳಾಗಿದ್ದರೆ ಅವರಿಗೆ 64 ವರ್ಷ ತುಂಬುತ್ತಿತ್ತು. ಅವರ ಸತ್ಯವೇದವು ಪೂರ್ಣವಾಗಿ ಅಚ್ಚಾಗಿ 1924ರಲ್ಲಿ ಹೊರಗೆ ಬಂತು.

9. ನಮಗೆ ಇದರಿಂದ ಬರುವ ಬುದ್ಧಿ

1919ರಲ್ಲಿ ಸರಕಾರವು ಅವರಿಗೆ ಕೈಸರ್-ಎ-ಹಿಂದ್ ಪದಕವನ್ನು ಕೊಟ್ಟಿತ್ತು. ಸ್ವತಂತ್ರ ಭಾರತವು 1989ರಲ್ಲಿ ಅವರ ಚಿತ್ರವುಳ್ಳ ಅಂಚೆಚೀಟಿಯನ್ನು ಹೊರಡಿಸಿತು. ಇವೂ ನೆನಪುಗಳೇ. ಆದರೆ ಅವರ ನಿಜವಾದ ನೆನಪು ಕೇಡಗಾಂವಿನಲ್ಲಿ ಇಂದಿಗೂ ನಡೆಯುತ್ತಿರುವ ಮುಕ್ತಿ ಮಿಶನಿನಲ್ಲಿದೆ. ಅಲ್ಲಿ ಬೆಳೆದು ಉಪಾಧ್ಯಾಯಿನಿಯರಾಗಿಯೂ ದಾದಿಯರಾಗಿಯೂ ಗೃಹಿಣಿಯರಾಗಿಯೂ ಹಳ್ಳಿಹಳ್ಳಿಗೆ ಹೋದ ಹೆಣ್ಣುಮಕ್ಕಳಲ್ಲಿ ಇತ್ತು. ರಕ್ತಸಂಬಂಧದಲ್ಲಿ ಅವರಿಗೆ ಯಾರೂ ಉಳಿದಿರಲಿಲ್ಲ. ಆದರೂ ಅವರನ್ನು ತಾಯಿಯೆಂದು ನೆನಸಿದವರು ಸಾವಿರಾರು ಮಂದಿ.

ನಮ್ಮಲ್ಲಿ ಯಾರಿಗೂ ಎರಡು ಸಾವಿರ ಮಂದಿಯನ್ನು ಸಾಕುವ ಶಕ್ತಿಯಿಲ್ಲ. ಆದರೆ ಲಕ್ಷ್ಮೀಬಾಯಿಯು ಮಾಡಿದ್ದನ್ನು ನಾವು ಮಾಡಬಹುದು. ಆಕೆಯ ಹೆಸರನ್ನು ಲೋಕವು ಬಹುಮಟ್ಟಿಗೆ ಅರಿಯದು. ಮುಂಜಾನೆಯಲ್ಲಿ ಮಗಳನ್ನು ಮುದ್ದಾಗಿ ಎಬ್ಬಿಸಿ ಕಲಿಸಿದ್ದು ಆಕೆ ಮಾಡಿದ ಕೆಲಸ. ಮುಂದೆ ಅದರಿಂದ ದೇವರು ಬೆಳಿಸಿದ ಪೈರನ್ನು ಆಕೆ ಕಾಣಲಿಲ್ಲ. ಹೆಸರಿಲ್ಲದೆ ಹೋದ ಆ ಬ್ರಾಹ್ಮಣ ಗೃಹಿಣಿಯನ್ನೂ ನೆನಸಿಕೊಳ್ಳಿರಿ. ಆಕೆ ಕೊಟ್ಟದ್ದು ಒಂದು ತುಂಡು ರೊಟ್ಟಿ. ಕೇಳಿಸಿಕೊಳ್ಳದೆಯೇ ಅರ್ಥಮಾಡಿಕೊಂಡು ಕೊಟ್ಟಳು. ರಮಾಬಾಯಿಯವರು ಅದನ್ನು ಜೀವಮಾನವೆಲ್ಲಾ ಮರೆಯಲಿಲ್ಲ.

ಆದದರಿಂದ ತಂದೆಗಳೇ, ಸಂಜೆಯ ದೀಪ ಹಚ್ಚಿದ ಮೇಲೆ ಮಕ್ಕಳನ್ನು ಕೂಡಿಸಿಕೊಂಡು ವೇದಭಾಗವನ್ನು ಓದಿಸಿರಿ. ಗಂಡುಮಕ್ಕಳನ್ನು ಮಾತ್ರ ಶಾಲೆಗೆ ಕಳುಹಿಸಿ ಹೆಣ್ಣುಮಕ್ಕಳನ್ನು ದನದ ಹಿಂದೆ ಅಟ್ಟಬೇಡಿರಿ. ತಾಯಂದಿರೇ, ಮನೆಯ ಬಾಗಲಿಗೆ ಬಂದವರು ಬೇಡುವ ಮೊದಲೇ ಅವರ ಮುಖವನ್ನು ನೋಡಿರಿ. ಸಹೋದರರೇ, ವಿಧವೆಯಾದ ಅತ್ತಿಗೆಯೂ ನಾದಿನಿಯೂ ನಿಮ್ಮ ಮನೆಯಲ್ಲಿ ಯಾವ ಮೂಲೆಯಲ್ಲಿ ಕೂತು ಉಣ್ಣುತ್ತಾಳೆಂದು ವಿಚಾರಿಸಿರಿ. ನೆನಪಿನಲ್ಲಿ ಉಳಿಯಬೇಕೆಂದು ಇವುಗಳನ್ನು ಮಾಡಬೇಡಿರಿ; ನಮ್ಮನ್ನು ಮೊದಲು ಪ್ರೀತಿಸಿದ ಕರ್ತನಿಗೋಸ್ಕರ ಮಾಡಿರಿ. ನೆನಪಿನ ಸಂಗತಿಯನ್ನು ಆತನೇ ನೋಡಿಕೊಳ್ಳುವನು. ಆತನ ಕೃಪೆಯು ನಮ್ಮೆಲ್ಲರ ಮನೆಗಳಲ್ಲಿ ನೆಲೆಯಾಗಿರಲಿ. ಆಮೆನ್.